ಹಿಮಾಲಯಕ್ಕೆ ಏಳು ಕಾರ್ಡು

ಇಪ್ಪತ್ಮೂರನೆಯ ವಯಸ್ಸಿಗೆ ನನಗೆ ಮನುಷ್ಯರೆಂದರೆ ಬೇಸರ ಬಂದಿತ್ತು. ಎಲ್ಲ ಮನುಷ್ಯರೂ ಅಲ್ಲ, ನನ್ನನ್ನು ಗುರುತು ಹಿಡಿಯುವವರು. ಅಥಣಿ ತಾಲೂಕಿನ ನಮ್ಮೂರಿಂದ ರಾಯಬಾಗಕ್ಕೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು, ‘ಯಾರ ಪೈಕೀರಿ?’ ಎನ್ನುತ್ತಿದ್ದರು. ಅಪ್ಪನ ಹೆಸರು ಹೇಳಿದರೆ ಅಜ್ಜನ ಹೆಸರು ಕೇಳುತ್ತಿದ್ದರು. ಅಜ್ಜನನ್ನೂ ಹೇಳಿದರೆ, ‘ಹಂಗಾರ ದಿಂಡಿ ಅಕ್ಕನ ತಮ್ಮನ ಮಗ ಅನ್ರಿ’ ಎಂದು ನನ್ನ ತೊಡೆ ತಟ್ಟಿ, ಸೀಟಿನಲ್ಲಿ ಇನ್ನಷ್ಟು ಅಗಲವಾಗಿ ಕೂಡುತ್ತಿದ್ದರು. ನಿಪ್ಪಾಣಿಗೆ ಹೋದರೆ ಇದೇ ಪ್ರಶ್ನೆ ಮರಾಠಿಯಲ್ಲಿ ಬರುತ್ತಿತ್ತು. ಒಂದು ನಲವತ್ತು ದಿನವಾದರೂ ಯಾರ ಪೈಕಿಯೂ ಅಲ್ಲದೆ ಇರಬೇಕು, ಒಬ್ಬನೇ ಇರಬೇಕು ಎಂಬುದು ನನ್ನ ಆಸೆಯಾಗಿತ್ತು.

ಅದಕ್ಕೆ ದಾರಿ ತೋರಿಸಿದ್ದು ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಸಿಕ್ಕ ಒಂದು ಹಳೇ ಪತ್ರಿಕೆ. ಯಾರೋ ಒಬ್ಬರು ಬೆನ್ನಿಗೊಂದು ಚೀಲ ಹಾಕಿಕೊಂಡು ಹಿಮಾಲಯದ ಒಂದು ಕಣಿವೆಯಲ್ಲಿ ನಲವತ್ತು ದಿನ ನಡೆದದ್ದನ್ನು ಅದರಲ್ಲಿ ಬರೆದಿದ್ದರು. ಏಳು ಹಳ್ಳಿ, ಎರಡು ಹಿಮದ ಕಣಿವೆದಾರಿ, ಕೈಯಲ್ಲಿ ಬಿಡಿಸಿದ ಒಂದು ನಕಾಶೆ. ನಾನು ಆ ನಕಾಶೆಯನ್ನು ನಕಲು ಮಾಡಿಕೊಂಡು ಎರಡು ವರ್ಷ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಎಸ್ಸಿ. ಆಗಿತ್ತು, ನೌಕರಿ ಇರಲಿಲ್ಲ, ಮನೆಯ ದ್ರಾಕ್ಷಿ ಕಟಾವೂ ಮುಗಿದಿತ್ತು. ಆ ಬೇಸಿಗೆ ಬಿಟ್ಟರೆ ಮುಂದೆ ಮದುವೆ ಮಾಡಿಬಿಡುತ್ತಾರೆ ಎಂಬ ಹೆದರಿಕೆಯೂ ಇತ್ತು.

ಅಪ್ಪನಿಗೆ ಹೇಳಿದೆ. ಅವನು ಎತ್ತಿಗೆ ಲಾಳ ಕಟ್ಟಿಸುತ್ತಿದ್ದ. ಎತ್ತಿನ ಕಾಲು ಬಿಡದೆಯೇ, ‘ಹಿಮಾಲಯಕ್ಕ? ನಡಕೋತ?’ ಎಂದ. ‘ನಡಿಯೂದರ ಬಗ್ಗೆ ನನಗೇನ ತಿಳೀತೈತಿ. ಅಕ್ಕನ್ನ ಕೇಳು. ಆಕಿ ಹೂಂ ಅಂದ್ರ ಹೋಗು, ಇಲ್ಲಂದ್ರ ಇಲ್ಲ.’

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಹದಿನೆಂಟು ವರ್ಷದಿಂದ ಪ್ರತಿ ಆಷಾಢಕ್ಕೆ ಊರ ದಿಂಡಿಯ, ಅಂದರೆ ವಿಠ್ಠಲನ ಭಕ್ತರ ಮೇಳದ, ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದಳು. ದಿಂಡಿಯಲ್ಲಿ ಅವಳು ವೀಣೆ ಹಿಡಿಯುತ್ತಿರಲಿಲ್ಲ, ತಾಳ ಹಾಕುತ್ತಿರಲಿಲ್ಲ. ಅವಳದು ಮುಕ್ಕಾಮಿನ ಕೆಲಸ. ಯಾವ ಊರಲ್ಲಿ ಯಾರ ಮನೆಯ ಪಡಸಾಲೆ, ಎಷ್ಟು ಮಂದಿಗೆ ರೊಟ್ಟಿ ಎಂಬುದನ್ನೆಲ್ಲ ಒಂದು ತಿಂಗಳು ಮೊದಲೇ ಆ ಮನೆಗಳಿಗೆ ಕಾರ್ಡು ಬರೆಸಿ ಗೊತ್ತು ಮಾಡುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನಾಲ್ಕನೇ ಇಯತ್ತೆಯಿಂದ ಆ ಕಾರ್ಡುಗಳನ್ನು ಬರೆದುಕೊಡುತ್ತಿದ್ದವನು ನಾನು.

ಕಾರ್ಡಿನ ವಿಷಯದಲ್ಲಿ ಅವಳದು ಭಾರೀ ಕಟ್ಟುನಿಟ್ಟು. ಬರೆದದ್ದು ಸುಳ್ಳಾಗಬಾರದು. ಹತ್ತೊಂಬತ್ತು ಜನ ಎಂದು ಬರೆದ ಮೇಲೆ ಹದಿನೆಂಟು ಜನ ಹೋಗಿ ನಿಂತರೆ, ಉಳಿದ ಒಬ್ಬರ ಊಟ ಆ ಮನೆಗೆ ಮಾಡಿದ ಅವಮಾನ. ಒಮ್ಮೆ ದಾರಿಯಲ್ಲಿ ಒಬ್ಬರಿಗೆ ಕಾಲು ಉಳುಕಿ ಊರಿಗೆ ಮರಳಿದಾಗ, ಸಾಂಗೋಲೆಯ ಹತ್ತಿರ ರಸ್ತೆ ಬದಿಯಲ್ಲಿ ಕೂತಿದ್ದ ಒಬ್ಬ ಬಳೆಗಾರನನ್ನು ಒಪ್ಪಿಸಿ ಕರೆದೊಯ್ದು ಲೆಕ್ಕ ಸರಿ ಮಾಡಿದ್ದಳು. ಇನ್ನೊಂದು, ಕಾರ್ಡಿನಲ್ಲಿ ಖಾಲಿ ಜಾಗ ಉಳಿಯಬಾರದು. ‘ಅರ್ಧಾ ಬರದು ಬಿಟ್ರ ಮನಸಿಲ್ಲದ ಬರದಾರ ಅಂತ ತಿಳೀತಾರ’ ಎಂದು ಕೊನೆಯ ಮೂಲೆಯ ತನಕ ಬೆರಳಿಟ್ಟು ನೋಡುತ್ತಿದ್ದಳು. ಅಕ್ಷರ ಗೊತ್ತಿಲ್ಲದಿದ್ದರೂ ಮಸಿ ಎಲ್ಲಿಗೆ ಮುಗಿದಿದೆ ಎಂಬುದು ಗೊತ್ತಾಗುತ್ತಿತ್ತಲ್ಲ.

ಅವಳು ಶೇಂಗಾ ಸುಲಿಯುತ್ತಿದ್ದಾಗ ಹೋಗಿ ಎದುರು ಕೂತು ಹೇಳಿದೆ. ಅವಳು ಕೇಳಿದ ಮೊದಲ ಮಾತು, ‘ಮುಕ್ಕಾಂ ಎಲ್ಲೆಲ್ಲಿ?’

‘ಮುಕ್ಕಾಂ ಇಲ್ಲತ್ತಿ. ಸಣ್ಣ ಡೇರೆ ಇರತೈತಿ, ಎಲ್ಲಿ ಹೊತ್ತು ಮುಳುಗತೈತಿ ಅಲ್ಲೆ.’

‘ಯಾರ್ಯಾರು?’

‘ನಾ ಒಬ್ಬನ.’

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ‘ಒಬ್ಬರ ಹೋದ್ರ ಅದಕ್ಕ ಯಾತ್ರಿ ಅನ್ನೂದಿಲ್ಲೋ ತಮ್ಮಾ. ತಪ್ಪಿಸಿಕೊಂಡಾರ ಅಂತಾರ.’ ಮತ್ತೆ ಶೇಂಗಾಕ್ಕೆ ಕೈ ಹಾಕಿ ದನಿ ತಗ್ಗಿಸಿ, ‘ಅಲ್ಲಿ ಹಿಮ ಅಂತ ಇರತೈತೆಲ್ಲ, ಅದು ಕಾಲಿಗೆ ಹತ್ತತೈತೋ, ಜಾರತೈತೋ?’ ಎಂದು ಕೇಳಿದಳು. ಆ ಪ್ರಶ್ನೆ ಕೇಳಿದಾಗಲೇ ನನಗೆ ತಿಳಿಯಬೇಕಿತ್ತು. ನಾನು ನನ್ನ ಗುಂಗಿನಲ್ಲಿ, ಜಾರತೈತಿ ಎಂದು ಹೇಳಿ ಎದ್ದುಬಂದೆ.

ಮರುದಿನ ಬೆಳಗಾಗುವುದರಲ್ಲಿ ನಮ್ಮ ಅಂಗಳದಲ್ಲಿ ದಿಂಡಿ ಸೇರಿತ್ತು. ವೀಣೆ ಹಿಡಿಯುವ ಕಿವುಡಜ್ಜ, ನಿವೃತ್ತ ಗ್ರಾಮಸೇವಕರು, ಹೊಳೆದಂಡೆಯ ಇಬ್ಬರು ಅಕ್ಕತಂಗಿಯರು, ಹಿಮಾಲಯದಲ್ಲಿ ಕುರಿ ಏನು ತಿನ್ನುತ್ತವೆಂದು ಕಣ್ಣಾರೆ ನೋಡಬೇಕೆನ್ನುವ ಒಬ್ಬ ಕುರಿಗಾರ, ಹೀಗೆ ಎಲ್ಲ ಸೇರಿ ನನ್ನನ್ನೂ ಹಿಡಿದು ಹತ್ತೊಂಬತ್ತು ಜನ. ಆಷಾಢದೊಳಗೆ ತಿರುಗಿ ಬರಬೇಕು ಎಂಬುದೊಂದೇ ಅವರ ಶರತ್ತು. ಏಕಾದಶಿಗೆ ಪಂಢರಪುರ ಮುಟ್ಟಬೇಕಲ್ಲ. ಹಿಮಾಲಯವನ್ನು ಅವರು ಅದಕ್ಕೆ ಮೊದಲು ಸ್ವಲ್ಪ ಕಾಲು ಸಡಿಲ ಮಾಡಿಕೊಳ್ಳುವ ಜಾಗವೆಂದು ತಿಳಿದಿದ್ದರು.

‘ಟ್ರಕ್ಕಿಂದು ಚಿಂತಿ ಬ್ಯಾಡ’ ಎಂದಳು ಅತ್ತೆ. ‘ಕಬ್ಬಿನ ಸೀಜನ್ ಮುಗದೈತಿ, ಟ್ರಕ್ ಖಾಲಿ ನಿಂತೈತಿ.’

ದಿಂಡಿಯಲ್ಲಿ ಯಾರೂ ಸಾಮಾನು ಹೊರುವುದಿಲ್ಲ. ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲ ಎಲ್ಲ ಟ್ರಕ್ಕಿನಲ್ಲಿ ಮುಂದಿನ ಮುಕ್ಕಾಮಿಗೆ ಹೋಗಿರುತ್ತವೆ. ನಾನು ನಕಾಶೆ ಬಿಚ್ಚಿ, ಅಲ್ಲಿ ಒಂದು ಗೇಣಿನ ಕಾಲುದಾರಿ ಮಾತ್ರ ಇದೆ, ಸಾಮಾನು ನಾವೇ ಬೆನ್ನ ಮೇಲೆ ಹೊರಬೇಕು ಎಂದು ವಿವರಿಸಿದೆ. ಅಂಗಳದಲ್ಲಿ ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು.

‘ಟ್ರಕ್ ಸುತ್ತು ಹಾಕಿ ಗುಡ್ಡದ ಆ ಕಡೆ ಬಂದು ನಿಂದರಲಿ’ ಎಂದರು ಗ್ರಾಮಸೇವಕರು.

‘ಆ ಕಡೆ ಚೀನಾ ಐತ್ರಿ.’

‘ಇರಲಿ. ಡ್ರೈವರಗ ಎಲ್ಲಾ ಕಡೆ ಗುರ್ತಿನವರದಾರ’ ಎಂದಳು ಅತ್ತೆ.

ನನಗೆ ತಲೆ ಕೆಟ್ಟುಹೋಯಿತು. ಪತ್ರಿಕೆಯಲ್ಲಿದ್ದ ಮಲಗುವ ಚೀಲದ ಚಿತ್ರ ತೋರಿಸಿ ಚಳಿಯ ಹೆದರಿಕೆ ಹಾಕಿದೆ. ಮನುಷ್ಯ ಚೀಲದೊಳಗೆ ಮಲಗಿರುವುದನ್ನು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೆಂಗಸರು ಗಂಭೀರವಾಗಿ ವಿಚಾರ ಮಾಡಿದರು. ಒಬ್ಬರಿಗೊಂದು ಚೀಲವೆಂದರೆ ಬಟ್ಟೆ ದಂಡ, ಅದೂ ಅಲ್ಲದೆ ಒಬ್ಬರೇ ಮಲಗಿದರೆ ಬೆಚ್ಚಗಾಗುವುದಾದರೂ ಹೇಗೆ? ಹಳೇ ಸೀರೆ, ಧೋತರ ಕೂಡಿಸಿ ಹತ್ತು ಮಂದಿ ಹಿಡಿಸುವ ಒಂದು ಕೌದಿ ಹೊಲಿದು ಮೂರು ಬದಿ ಮುಚ್ಚಿದರು. ವೈಶಾಖದ ಮಟಮಟ ಮಧ್ಯಾಹ್ನ, ನಾಯಿಗಳು ಕೂಡ ನೆರಳು ಬಿಟ್ಟು ಬರದ ಬಿಸಿಲಿನಲ್ಲಿ, ಐದು ಜನ ಹೆಂಗಸರು ಅದರೊಳಗೆ ಹೊಕ್ಕು ಪರೀಕ್ಷೆ ಮಾಡಿದರು. ಬೆವರು ಸುರಿಸುತ್ತ ಹೊರಗೆ ಬಂದು, ಹಿಮಾಲಯಕ್ಕೆ ಇದು ಸಾಕು ಎಂದು ತೀರ್ಮಾನ ಕೊಟ್ಟರು.

ಏರುವ ಅಭ್ಯಾಸಕ್ಕೆ ನಮ್ಮ ಕಡೆ ಗುಡ್ಡವಿಲ್ಲ. ಬಾವಿ ಇದೆ. ನೀರು ಬತ್ತಿದ್ದ ನಮ್ಮ ತೋಟದ ಮೆಟ್ಟಿಲ ಬಾವಿಗೆ ಎಲ್ಲರೂ ಸಾಲಾಗಿ ಇಳಿದು, ಬೆನ್ನಿಗೊಂದು ಭಾರದ ಬೆಲ್ಲದ ಪೆಂಟಿ ಕಟ್ಟಿಕೊಂಡು ಮೇಲೆ ಬರುತ್ತಿದ್ದರು. ಕಿವುಡಜ್ಜ ವೀಣೆಯೊಂದಿಗೆ ಮುಂದೆ. ಅತ್ತೆ ಎಲ್ಲರಿಗಿಂತ ಹಿಂದೆ, ಎರಡೆರಡು ಸಲ. ನೋಡಲು ಪಕ್ಕದ ಊರಿನವರೂ ಬಂದರು. ಹಿಮಾಲಯವೆಂದರೆ ನೆಲದೊಳಗೆ ಇರುವಂಥದ್ದೆಂದು ಯಾರಾದರೂ ತಿಳಿದುಕೊಂಡಿದ್ದರೆ ಅದು ಅವರ ತಪ್ಪಲ್ಲ.

ನನಗೆ ಎರಡೂ ಕಡೆ ದಾರಿ ಇರಲಿಲ್ಲ. ಬೇಡವೆಂದರೆ ಅತ್ತೆ ಹೂಂ ಅನ್ನುವುದಿಲ್ಲ, ಅತ್ತೆ ಹೂಂ ಅನ್ನದಿದ್ದರೆ ಅಪ್ಪ ಬಿಡುವುದಿಲ್ಲ. ಹೂಂ ಅಂದರೆ ಹದಿನೆಂಟು ಜನ ಬೆನ್ನಿಗೆ. ಯಾರ ಪೈಕಿ ಎಂದು ಕೇಳುವವರಿಂದ ಓಡಿಹೋಗಲು ಹೊರಟವನು ಇಡೀ ಪೈಕಿಯನ್ನೇ ಟ್ರಕ್ಕಿನಲ್ಲಿ ಹಾಕಿಕೊಂಡು ಹೋಗಬೇಕಾಗಿತ್ತು.

ಅಂಥ ಹೊತ್ತಿನಲ್ಲಿ ಅತ್ತೆ ಏಳು ಕಾರ್ಡು ತಂದು ನನ್ನ ಮುಂದಿಟ್ಟಳು. ನಕಾಶೆಯ ಏಳು ಹಳ್ಳಿಗಳ ಮುಖಿಯಾರಿಗೆ, ಅಂದರೆ ಊರ ಗೌಡರಿಗೆ, ಬರೆಯಬೇಕು. ‘ಹಿಂದಿ ಒಳಗ ಬರಿ. ನಾವು ಹತ್ತೊಂಬತ್ತು ಮಂದಿ, ಕೃಷ್ಣಾ ಹೊಳಿ ದಂಡಿಯವರು, ಜ್ಯೇಷ್ಠದಾಗ ಬರತೀವಿ. ಮಲಗಾಕ ನೆಲ, ಕುಡ್ಯಾಕ ನೀರು ಆದ್ರ ಸಾಕು. ಹಿಟ್ಟು ನಮ್ಮದ ಐತಿ.’

ನಾನು ಹಿಂದಿಯಲ್ಲಿ ಬರೆದೆ: ‘ನಾನು ಒಬ್ಬನೇ ಬರುತ್ತೇನೆ.’

ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಅತ್ತೆ ಕಾರ್ಡಿನ ಮೇಲೆ ಬೆರಳಾಡಿಸಿ, ‘ಇಷ್ಟ ಜಾಗ ಖಾಲಿ ಬಿಟ್ಟಿಯಲ್ಲ’ ಎಂದಳು. ತುಂಬಬೇಕಾಯಿತು. ಒಬ್ಬನೇ ಏಕೆ ಬರುತ್ತೇನೆ ಎಂಬುದಕ್ಕೆ ಕಾರಣ ಬೇಕಲ್ಲ, ನನಗೆ ಯಾರೂ ಇಲ್ಲ ಎಂದು ಬರೆದೆ. ಎರಡನೇ ಕಾರ್ಡಿನಲ್ಲಿ ಯಾರೂ ಇಲ್ಲದಿರಲು ಕಾರಣ ಬೇಕಾಯಿತು. ಹೊಳೆಗೆ ಮಹಾಪೂರ ಬರಿಸಿದೆ. ಮೂರನೆಯದರಲ್ಲಿ ಮನೆ ಕೊಚ್ಚಿಹೋಯಿತು, ನಾಲ್ಕನೆಯದರಲ್ಲಿ ಅಪ್ಪ ಅವ್ವ ಹೋದರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಬರೆಯುವ ರುಚಿ ಹತ್ತಿಬಿಟ್ಟಿತ್ತು. ಏಳನೆಯ ಕಾರ್ಡಿಗೆ ಬರುವಷ್ಟರಲ್ಲಿ ಮನೆಯಲ್ಲಿ ಉಳಿದಿದ್ದವಳು ಅತ್ತೆಯೊಬ್ಬಳೇ. ಹಿಂದಿನ ಕತೆಯನ್ನೆಲ್ಲ ಅದರಲ್ಲೂ ಹಾಕಿ, ಸಾಕಿ ಸಲಹಿದ ಆ ಅತ್ತೆಯೂ ಮೊನ್ನೆ ಹೋಳಿ ಹುಣ್ಣಿಮೆಗೆ ಎರಡು ದಿನದ ಜ್ವರದಲ್ಲಿ ತೀರಿಕೊಂಡಳು ಎಂದು ಬರೆದು ಮೂಲೆ ತುಂಬಿಸಿದೆ. ಎದುರಿಗೆ ಕೂತಿದ್ದ ಅತ್ತೆ ಕಾರ್ಡು ತಿರುಗಿಸಿ ನೋಡಿ, ‘ಇದು ಚೊಲೋ ತುಂಬೈತಿ ನೋಡು’ ಎಂದಳು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಆ ಕಾರ್ಡುಗಳು ತಲುಪುವುದೇ ಇಲ್ಲ. ಉತ್ತರ ಬರದಿದ್ದರೆ ಮುಕ್ಕಾಂ ಇಲ್ಲ, ಮುಕ್ಕಾಂ ಇಲ್ಲದೆ ಅತ್ತೆ ದಿಂಡಿ ಎಬ್ಬಿಸುವುದಿಲ್ಲ. ಆಗ ನಾನೊಬ್ಬನೇ ಹೋಗಿ ಜಾಗ ಗೊತ್ತು ಮಾಡಿ ಬರುತ್ತೇನೆ ಎಂದರೆ ಹೂಂ ಅನ್ನಲೇಬೇಕು. ಒಂದು ತಿಂಗಳು ಹಾಗೇ ನಡೆಯಿತು. ಅತ್ತೆ ದಿನಾ ಪೋಸ್ಟಿನವನ ದಾರಿ ಕಾಯುತ್ತಿದ್ದಳು.

ಆ ದಿನ ನಾನು ಚಿಕ್ಕೋಡಿಗೆ ಹೋಗಿದ್ದೆ. ಟ್ರ್ಯಾಕ್ಟರ್ ಸೀಟಿಗೆ ಕವರ್ ಹೊಲಿಯುವವನೊಬ್ಬನಿಗೆ ಪತ್ರಿಕೆಯ ಚಿತ್ರ ತೋರಿಸಿ ಬೆನ್ನಚೀಲ ಹೊಲಿಯಲು ಹಾಕಿದ್ದೆ. ಅವನು ಕೆಂಪು ರೆಕ್ಸಿನ್ನಿನಲ್ಲಿ ಹೊಲಿದು, ಅಂಚಿಗೆ ಬಿಳಿ ಪಟ್ಟಿ ಕೊಟ್ಟು, ದೃಷ್ಟಿ ತಾಗದಿರಲೆಂದು ನಾಲ್ಕು ಮೂಲೆಗೂ ಕರಿ ಗೊಂಡೆ ಕಟ್ಟಿದ್ದ. ಬಿಚ್ಚಲು ಹೋದರೆ ರೆಕ್ಸಿನ್ ಹರಿಯುತ್ತದೆ ಎಂದ. ಆ ಗೊಂಡೆಗಳನ್ನು ತೂಗಾಡಿಸುತ್ತ ಬಸ್ಸಿಳಿದು ಮನೆಗೆ ಬಂದರೆ ಅಂಗಳದ ಬೇವಿನ ಕೆಳಗೆ ಇಡೀ ದಿಂಡಿ ಸೇರಿತ್ತು. ನಡುವೆ ಹೈಸ್ಕೂಲಿನ ಹಿಂದಿ ಮಾಸ್ತರರು ಕನ್ನಡಕ ಹಾಕಿಕೊಂಡು ಒಂದು ಇನ್‌ಲ್ಯಾಂಡ್ ಪತ್ರವನ್ನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು.

‘ಮಗಾ, ನಿನ್ನ ಕಾರ್ಡು ಮುಟ್ಟಿತು. ಓದಿ ಹೇಳಿದಾಗ ನಮ್ಮ ಮನೆಯ ಹೆಂಗಸರೆಲ್ಲ ಅತ್ತರು. ತಂದೆ ತಾಯಿ ಹೊಳೆಗೆ ಹೋದದ್ದು, ಸಾಕಿದ ಅತ್ತೆ ಜ್ವರದಲ್ಲಿ ಹೋದದ್ದು ತಿಳಿದು ಆ ಹೊತ್ತು ನಮ್ಮ ಒಲೆ ಹಚ್ಚಲಿಲ್ಲ. ನಾನು ಮುಖಿಯಾನ ತಾಯಿ. ಇನ್ನು ಮೇಲೆ ಇದೇ ನಿನ್ನ ಮನೆ ಎಂದು ತಿಳಿ. ಒಂದು ಕೋಣೆ ಸಾರಿಸಿ ಇಟ್ಟಿದ್ದೇವೆ…’

ಮಾಸ್ತರರ ದನಿ ಸಣ್ಣದಾಗುತ್ತ ಬಂತು. ವಿಳಾಸ ಮತ್ತೊಮ್ಮೆ ನೋಡಿದರು, ನನ್ನನ್ನು ನೋಡಿದರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದವನು, ‘ನನ್ನೂ ಒಯ್ದತೇನ ಹೊಳಿ?’ ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ನಗುವೋ ಅಳುವೋ ಈಗಲೂ ನನಗೆ ಗೊತ್ತಿಲ್ಲ. ಕಿವುಡಜ್ಜ ಮಾತ್ರ, ‘ಜಾಗಾ ಕೊಟ್ಟಾರೋ ಇಲ್ಲೋ?’ ಎಂದು ಪಕ್ಕದವರನ್ನು ತಿವಿದು ತಿವಿದು ಕೇಳುತ್ತಿದ್ದ. ‘ಕೊಟ್ಟಾರಜ್ಜಾ’ ಎಂದು ಯಾರೋ ಕಿವಿಯಲ್ಲಿ ಒದರಿದರು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

‘ನಾ ಎಂದ ಹೋದೆ ಅಂತ ಬರದೀಯಪಾ?’

‘ಹೋಳಿ ಹುಣ್ಣಿಮಿಗೆ’ ಎಂದೆ. ಆ ಹೊತ್ತಿನಲ್ಲಿ ನಿಜ ಹೇಳುವುದೊಂದೇ ತೋಚಿದ್ದು.

‘ಬಾಳ ನರಳಿದೆನೇನ?’

‘ಇಲ್ಲತ್ತಿ. ಎರಡ ದಿನ.’

‘ಚೊಲೋ ಆತು ಬಿಡು’ ಎಂದಳು.

ಆಮೇಲೆ ಎದ್ದು ನಿಂತು, ದಿಂಡಿಯವರಿಗೆಲ್ಲ ನಿಮ್ಮ ನಿಮ್ಮ ಮನೆಗೆ ಹೋಗಿರಿ ಎಂದಳು. ಟ್ರಕ್ಕಿನವನಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದಳು. ನಾನು ಅವಳ ಹಿಂದೆ ಹಿಂದೆ ಅಡುಗೆಮನೆಯ ತನಕ ಹೋಗಿ, ಖರೇದ್ದು ಬರೆದು ಇನ್ನೊಂದು ಕಾರ್ಡು ಹಾಕುತ್ತೇನೆ, ಎಲ್ಲರೂ ಹೋಗೋಣ ಎಂದೆ.

‘ಆ ತಾಯಿ ನನ್ನ ಸಲುವಾಗಿ ಒಲಿ ಹಚ್ಚದ ಕುಂತಾಳ’ ಎಂದಳು ಅತ್ತೆ. ‘ಆಕೀಗಿ ಈಗ ಅದೆಲ್ಲಾ ಸುಳ್ಳು, ನಕ್ಕು ಬಿಡು ಅನ್ನಾಕ ಬರತೈತೇನ? ಸತ್ತವರು ಹೋಗಿ ಟ್ರಕ್ಕಿನ್ಯಾಗಿಂದ ಇಳದ್ರ ಆಕಿ ಏನ ಮಾಡಬೇಕು? ಕಾರ್ಡಿನ್ಯಾಗ ಒಬ್ಬನ ಅಂತ ಐತಿ. ಒಬ್ಬನ ಹೋಗು.’

ಹೀಗೆ ಅತ್ತೆ ಹೂಂ ಅಂದಳು. ಅಪ್ಪನ ಒಪ್ಪಿಗೆಯೂ ಅದರಲ್ಲೇ ಬಂತು. ನನಗೆ ಬೇಕಾದದ್ದು ಕೈಗೆ ಬಂದಿತ್ತು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ಅವ್ವ ನನ್ನನ್ನು ಕರೆದು ಅತ್ತೆಯ ಟ್ರಂಕಿನಲ್ಲಿದ್ದ ಒಂದು ಜೋಡಿ ಕ್ಯಾನ್ವಾಸ್ ಬೂಟು ತೋರಿಸಿದಳು. ಹದಿನೆಂಟು ವರ್ಷ ಬರಿಗಾಲಲ್ಲಿ ಪಂಢರಪುರಕ್ಕೆ ನಡೆದವಳು, ಹಿಮ ಜಾರುತ್ತದೆ ಎಂದು ನಾನು ಹೇಳಿದ ಮೇಲೆ ಅಥಣಿ ಪೇಟೆಯಿಂದ ತರಿಸಿಕೊಂಡಿದ್ದಳಂತೆ. ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಲೇಸು ಕಟ್ಟುವುದನ್ನು ಕಲಿಯುತ್ತಿದ್ದಳಂತೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಮರುದಿನ ಮೀರಜಕ್ಕೆ ಹೋಗಿ ರೈಲು ಹತ್ತಿದೆ, ಇದನ್ನು ಮುಚ್ಚಿಡುವುದಿಲ್ಲ.

ಮೊದಲ ಆರು ಹಳ್ಳಿಗಳಲ್ಲಿ ಕಾರ್ಡು ಯಾರಿಗೂ ಮುಟ್ಟಿರಲಿಲ್ಲ. ಕೆಂಪು ಚೀಲ, ಕರಿ ಗೊಂಡೆ ನೋಡಿ ಮಕ್ಕಳು ಸ್ವಲ್ಪ ದೂರ ಹಿಂದೆ ಬರುತ್ತಿದ್ದವು, ಅಷ್ಟೇ. ಯಾರೂ ಏನೂ ಕೇಳಲಿಲ್ಲ. ಹತ್ತು ದಿನ ನಾನು ಯಾರ ಪೈಕಿಯೂ ಆಗಿರಲಿಲ್ಲ, ಅದು ನಾನಂದುಕೊಂಡಷ್ಟು ಸುಖವಾಗಿಯೂ ಇರಲಿಲ್ಲ. ಏಳನೆಯ ಹಳ್ಳಿಯಲ್ಲಿ ಊರಿಗೆ ಊರೇ ನನ್ನನ್ನು ಕಾಯುತ್ತಿತ್ತು. ಮುಖಿಯಾನ ತಾಯಿ ನನ್ನ ಎರಡೂ ಕೈ ಹಿಡಿದು ಒಳಗೆ ಕರೆದೊಯ್ದು ಒಲೆಯ ಪಕ್ಕ ಕೂಡಿಸಿದಳು. ಉಂಡ ಮೇಲೆ ಒಂದು ದೀಪ ಹಚ್ಚಿಟ್ಟು, ನಿನ್ನ ಅತ್ತೆಯ ಬಗ್ಗೆ ಹೇಳು ಎಂದಳು.

ನನ್ನ ಹರಕು ಹಿಂದಿಯಲ್ಲಿ ಹೇಳಲು ಶುರು ಮಾಡಿದೆ. ಕಾರ್ಡು ಬರೆಸುತ್ತಿದ್ದದ್ದು, ಬಳೆಗಾರನನ್ನು ಕರೆತಂದದ್ದು, ಚಿಕ್ಕವನಿದ್ದಾಗ ನನಗೆ ಗೋವರ ಎದ್ದು ಮೈತುಂಬ ದದ್ದಾಗಿ ಜ್ವರ ಬಂದಾಗ ಒಂಬತ್ತು ದಿನ ಪಕ್ಕ ಬಿಟ್ಟು ಏಳದಿದ್ದದ್ದು. ಹೇಳುತ್ತ ಹೇಳುತ್ತ ಅಳು ಬಂತು. ನಾಟಕವಲ್ಲ, ನಿಜವಾಗಿಯೇ ಅತ್ತುಬಿಟ್ಟೆ. ಆ ಹೊತ್ತಿನಲ್ಲಿ ಅತ್ತೆ ನಮ್ಮನೆಯ ಕಟ್ಟೆಯ ಮೇಲೆ ಕೂತು ದಿಂಡಿಯ ಹಿಟ್ಟಿಗೆ ಜೋಳ ಹಸನು ಮಾಡುತ್ತಿದ್ದಿರಬೇಕು. ಯಾರೂ ಇಲ್ಲದವನನ್ನು ಒಬ್ಬನೇ ಬಿಡಬಾರದೆಂದು ಆ ಊರಿನವರು ಹಿಮದ ದಾರಿಗೆ ಇಬ್ಬರನ್ನು ಜೊತೆ ಕಳಿಸಿದರು. ಅವರೇ ಚೀಲ ಹೊತ್ತರು, ನಾನು ಬರಿಗೈಯಲ್ಲಿ ನಡೆದೆ.

ಊರಿಗೆ ಬಂದ ಮೇಲೆ ಅತ್ತೆ ನನ್ನನ್ನು ಬೈಯಲಿಲ್ಲ. ಆ ವರ್ಷದ ದೀಪಾವಳಿಗೆ ತಾನೇ ಕಾರ್ಡು ತಂದಿಟ್ಟು, ‘ಆ ತಾಯಿಗಿ ಬರಿ’ ಎಂದಳು. ನಂತರ ಪ್ರತಿ ದೀಪಾವಳಿಗೂ. ಎದುರು ಕೂತು, ಮಳೆ ಹೇಗಾಯಿತು, ನನಗೆ ಶಾಲೆಯಲ್ಲಿ ನೌಕರಿಯಾದದ್ದು, ಮದುವೆಯಾದದ್ದು, ಕೂಸು ಹುಟ್ಟಿದ್ದು ಎಲ್ಲ ಹೇಳಿ ಬರೆಸುತ್ತಿದ್ದಳು. ಮದುವೆ ಯಾರು ಮಾಡಿಕೊಟ್ಟರೆಂದು ಅವರು ಕೇಳಿದರೆ, ‘ಊರವರು ಅಂತ ಬರಿ’ ಎನ್ನುತ್ತಿದ್ದಳು. ಒಮ್ಮೆ ನಾನು, ನಿನ್ನದೊಂದು ನಮಸ್ಕಾರ ಹೇಗಾದರೂ ಸೇರಿಸಲೇ ಎಂದು ಕೇಳಿದ್ದೆ. ‘ಹುಚ್ಚನ ನೀ’ ಎಂದು ಕಾರ್ಡು ಕಸಿದುಕೊಂಡಳು.

ತೊಂಬತ್ತರ ದಶಕದ ನಡುವೆ ಒಂದು ಶ್ರಾವಣದಲ್ಲಿ, ಪಂಢರಪುರದಿಂದ ನಡೆದು ಬಂದ ಹದಿನೈದು ದಿನಕ್ಕೆ ಅತ್ತೆ ತೀರಿಕೊಂಡಳು. ಬಹಳ ನರಳಿದಳು. ದಿಂಡಿಯವರು, ಮುಕ್ಕಾಮಿನ ಮನೆಗಳವರು, ಗುರುತಿನವರು ಎಲ್ಲ ಬಂದು ಹೋದರು, ಎಲ್ಲರಿಗೂ ಅಳಲು ಅವರವರದೇ ಆದ ಅತ್ತೆ ಇದ್ದಳು. ನನಗೆ ಆ ಒಲೆಯ ಪಕ್ಕ ಹೋಗಿ ಕೂಡಬೇಕೆನಿಸಿತು. ಅವಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡವಳು ಜಗತ್ತಿನಲ್ಲಿ ಆ ಮುದುಕಿಯೊಬ್ಬಳೇ. ಕಾರ್ಡು ತೆಗೆದುಕೊಂಡು ಕೂತೆ. ಆದರೆ ಆ ತಾಯಿಗೆ ನಾನು ಬರೆಯುವುದಾದರೂ ಏನು? ಆ ಮನೆಯ ಲೆಕ್ಕದಲ್ಲಿ ಅತ್ತೆ ಸತ್ತು ಆಗಲೇ ಏಳು ವರ್ಷವಾಗಿತ್ತು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ, ಮಳೆ ಚೆನ್ನಾಗಿದೆ ಎಂದು ಬರೆದು ಪೋಸ್ಟಿಗೆ ಹಾಕಿ ಬಂದೆ.